ತಲಪಾಡಿ ದಾಟಿದರೆ ಲಕ್ಷ್ಮಿ!

ಮಂಗಳೂರಿನಿಂದ ಕಾಸರಗೋಡು ಬಸ್ಸು ಹತ್ತಿ ತಲಪಾಡಿ ದಾಟಿದರೆ ಸಾಕು, ಲಾಟರಿ ಸ್ಟಾಲುಗಳು ಕೈಬೀಸಿ ಕರೆಯುತ್ತವೆ. ಗಡಿಯ ಈಚೆ ಅದೇ ಟಿಕೆಟು ಮಾರಿದರೆ ಪೊಲೀಸ್ ಕೇಸು. ಆಚೆ ಮಾರಿದರೆ ಸರಕಾರಿ ವ್ಯಾಪಾರ!

ಹಿಂದೊಮ್ಮೆ ಓಣಂ ಸಮಯದಲ್ಲಿ ಅಂಥದ್ದೊಂದು ಸ್ಟಾಲಿನ ಮುಂದೆ ಪರಿಚಯದ ರಿಕ್ಷಾ ಚಾಲಕರೊಬ್ಬರು ಸಿಕ್ಕರು. ಕೈಯಲ್ಲಿ ಬಂಪರ್ ಟಿಕೆಟು. ‘ಐನೂರು ರೂಪಾಯಿ ಯಾಕೆ ಹಾಳು ಮಾಡ್ತೀರಿ?’ ಅಂದೆ. ‘ಹೋದರೆ ಐನೂರು, ಬಂದರೆ ಇಪ್ಪತ್ತೈದು ಕೋಟಿ. ಮಂಡ್ಯದವರಿಗೆ ಬರ್ಲಿಲ್ವಾ ಮಾರಾಯ್ರೆ?’ ಅಂದರು.

ಬಂದದ್ದು ಹೌದು. 2024ರ ಓಣಂ ಬಂಪರ್ ಮಂಡ್ಯ ಜಿಲ್ಲೆಯವರೊಬ್ಬರ ಪಾಲಾಯಿತು. ಆದರೆ ಆ ಸಲ ಮಾರಾಟವಾದ ಟಿಕೆಟು 70 ಲಕ್ಷಕ್ಕೂ ಮಿಕ್ಕಿ. ಮೊದಲ ಬಹುಮಾನ ಬಂದದ್ದು ಒಬ್ಬರಿಗೆ. ಆ 25 ಕೋಟಿಯೂ ಇಡಿಯಾಗಿ ಕೈಸೇರುವುದಿಲ್ಲ. ನೂರಕ್ಕೆ ಹತ್ತು ಏಜೆಂಟನಿಗೆ. ಉಳಿದದ್ದರಲ್ಲಿ ನೂರಕ್ಕೆ ಮೂವತ್ತು ಆದಾಯ ತೆರಿಗೆ. ಅಲ್ಲಿಗೇ 16 ಕೋಟಿಗಿಂತ ಕೆಳಗೆ ಇಳಿಯಿತು. ಅದರ ಮೇಲೆ ಸರ್ಚಾರ್ಜು ಬೇರೆ.

ಲಾಟರಿಯಲ್ಲಿ ಪ್ರತಿ ಸಲವೂ ಗೆಲ್ಲುವವ ಒಬ್ಬನೇ, ಅದನ್ನು ನಡೆಸುವವ. ಇದು ಎಲ್ಲ ದೇಶಕ್ಕೂ ಒಂದೇ. ಅವನು ಗೆದ್ದ ದುಡ್ಡು ಎಲ್ಲಿಗೆ ಹೋಗುತ್ತದೆ, ಲೆಕ್ಕ ಜನರಿಗೆ ಕಾಣುತ್ತದೋ ಇಲ್ಲವೋ, ವ್ಯತ್ಯಾಸ ಇಷ್ಟೇ.

ಸ್ಪೇನ್ ದೇಶದಲ್ಲಿ 1812ರಿಂದ ಕ್ರಿಸ್ಮಸ್ ಲಾಟರಿ ಇದೆ. ಡಿಸೆಂಬರ್ 22ರಂದು ಶಾಲಾ ಮಕ್ಕಳು ನಂಬರುಗಳನ್ನು ರಾಗವಾಗಿ ಹಾಡಿ ಹೇಳುತ್ತಾರೆ. ಬಂದ ದುಡ್ಡಿನಲ್ಲಿ ನೂರಕ್ಕೆ 70 ಬಹುಮಾನವಾಗಿ ಜನರಿಗೇ ವಾಪಸು. ಒಂದೇ ನಂಬರನ್ನು ಊರೆಲ್ಲ ಹಂಚಿಕೊಂಡು ಕೊಳ್ಳುವ ರೂಢಿ ಅಲ್ಲಿಯದು. 2011ರಲ್ಲಿ ಸೊಡೆಟೊ ಎಂಬ ಪುಟ್ಟ ಹಳ್ಳಿಯ ಹೆಚ್ಚುಕಡಿಮೆ ಎಲ್ಲ ಮನೆಗೂ ಮೊದಲ ಬಹುಮಾನದ ಪಾಲು ಬಂತು. ಬ್ರಿಟನ್ನಿನಲ್ಲಿ 1994ರಿಂದ ರಾಷ್ಟ್ರೀಯ ಲಾಟರಿ ಇದ್ದು, ಅದರ ಒಂದು ಪಾಲು ಕಲೆ, ಕ್ರೀಡೆ, ಸೇವಾ ಸಂಸ್ಥೆಗಳಿಗೆ ಮೀಸಲು. ಗೆದ್ದ ಹಣಕ್ಕೆ ತೆರಿಗೆಯಿಲ್ಲ. ಅಮೆರಿಕದ ಪವರ್‌ಬಾಲಿನಲ್ಲಿ ದೊಡ್ಡ ಬಹುಮಾನ ಬರುವ ಸಾಧ್ಯತೆ 29 ಕೋಟಿಗೆ ಒಂದು. ಈ ಲೆಕ್ಕವನ್ನು ಅಲ್ಲಿ ಮುಚ್ಚಿಡುವುದಿಲ್ಲ, ನಡೆಸುವವರೇ ಹೇಳುತ್ತಾರೆ.

ಕೇರಳದ್ದೂ ಕದ್ದುಮುಚ್ಚಿ ನಡೆಯುವ ಆಟವಲ್ಲ. 1967ರಲ್ಲಿ ಸರಕಾರವೇ ಶುರುಮಾಡಿದ್ದು. ತಿರುವನಂತಪುರದಲ್ಲಿ ಡ್ರಾ ಎಲ್ಲರೆದುರು ನಡೆಯುತ್ತದೆ. 2011ರಲ್ಲಿ ಬಂದ ಕಾರುಣ್ಯ ಲಾಟರಿಯ ದುಡ್ಡು ಬಡರೋಗಿಗಳ ಚಿಕಿತ್ಸೆಗೆಂದೇ ಇಟ್ಟದ್ದು. ಒಳ್ಳೆಯದೇ. ಆದರೆ ರೋಗಿಗೆ ಕೊಟ್ಟ ದುಡ್ಡು ಯಾರ ಕಿಸೆಯದು? ಅವನಷ್ಟೇ ಬಡವನಾದ ಇನ್ನೊಬ್ಬನದು. ಶ್ರೀಮಂತರು ಸ್ಟಾಲಿನ ಮುಂದೆ ಬಿಸಿಲಿಗೆ ನಿಂತದ್ದನ್ನು ನಾನಂತೂ ನೋಡಿಲ್ಲ.

ನನಗೆ ಇಷ್ಟು ಸಿಟ್ಟು ಯಾಕೆ ಅಂತ ಕೇಳಬಹುದು. ಹೇಳಿಬಿಡುತ್ತೇನೆ. 2006ರಲ್ಲಿ ನಾನು ಎರಡನೇ ಪಿಯುಸಿಗೆ ಫೀಸು ಕಟ್ಟಬೇಕಿತ್ತು. ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ಅಪ್ಪ ಆ ದುಡ್ಡನ್ನು ಇಮ್ಮಡಿ ಮಾಡಿ ತರುತ್ತೇನೆಂದು ಲಾಟರಿ ಅಂಗಡಿಗೆ ಹೋದರು. ರಾತ್ರಿ ಬಂದವರು ಉಣ್ಣದೆ ಮಲಗಿದರು. ನಾನು ಮರುದಿನ ಕೆಲಸ ಹುಡುಕಲು ಹೊರಟೆ. ಮರುವರ್ಷ, 2007ರಲ್ಲಿ, ಕರ್ನಾಟಕ ಸರಕಾರ ಲಾಟರಿಗೆ ಬಾಗಿಲು ಹಾಕಿತು. ಆ ಒಂದು ಕೆಲಸಕ್ಕೆ ನನ್ನ ಕೈಮುಗಿತ ಇದೆ. ಬೊಕ್ಕಸ ತುಂಬಬೇಕೆಂದು ಅದನ್ನು ಮತ್ತೆ ತೆರೆಯುವ ಯೋಚನೆ ಯಾರೂ ಮಾಡುವುದು ಬೇಡ.

ಆದರೆ ಬಾಗಿಲು ಹಾಕಿದವರು ಕಿಟಕಿ ನೋಡಬೇಡವೇ? ಒಂದಂಕಿ ಲಾಟರಿಯನ್ನು 1998ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಹಾಗಿದ್ದೂ 2015ರಲ್ಲಿ ನಮ್ಮ ರಾಜ್ಯದಲ್ಲಿ ಒಂದಂಕಿ ಲಾಟರಿ ಹಗರಣ ಎದ್ದು ತನಿಖೆ ಸಿಬಿಐವರೆಗೆ ಹೋಯಿತು. ಕೇರಳದ ಫಲಿತಾಂಶದ ಕೊನೆಯ ಅಂಕಿಗಳ ಮೇಲೆ ಬಾಜಿ ಕಟ್ಟಿಸುವ ದಂಧೆ ಅಲ್ಲಿಯ ಪೊಲೀಸರಿಗೂ ತಲೆನೋವು. ಸರಕಾರಿ ಲಾಟರಿಯಲ್ಲಿ ಸೋತವನಿಗೆ ತನ್ನ ದುಡ್ಡು ಆಸ್ಪತ್ರೆಗಾದರೂ ಹೋಯಿತೆಂಬ ಸಮಾಧಾನವಿದೆ. ಇಲ್ಲಿ ಅದೂ ಇಲ್ಲ. ಗೆದ್ದರೂ ಕೇಳಿ ಪಡೆಯಲು ರಶೀದಿ ಇಲ್ಲ.

ಆದ್ದರಿಂದ ಎರಡೇ ಮಾತು. ಗಡಿಯ ಈಚೆ ಟಿಕೆಟು ತಂದು ಮಾರುವವರನ್ನು, ಅಂಕಿ ಬರೆದುಕೊಳ್ಳುವವರನ್ನು ನಮ್ಮ ಪೊಲೀಸರು ಹಿಡಿಯಲಿ. ಬರೇ ಬರೆಸಿದ ಕೂಲಿಯವನನ್ನಲ್ಲ, ಹಿಂದಿರುವ ಧಣಿಯನ್ನು. ಇನ್ನು ಕೇರಳ ಸರಕಾರ ಟಿಕೆಟಿನಲ್ಲಿ ಬಹುಮಾನದ ಮೊತ್ತದಷ್ಟೇ ದಪ್ಪ ಅಕ್ಷರದಲ್ಲಿ, ಎಷ್ಟು ಲಕ್ಷಕ್ಕೆ ಒಂದು ಎಂಬುದನ್ನೂ ಅಚ್ಚು ಮಾಡಲಿ. ಅದನ್ನು ಓದಿದ ಮೇಲೂ ಕೊಳ್ಳುವವ ಕೊಳ್ಳಲಿ.

ಆ ರಿಕ್ಷಾದವರು ಮತ್ತೆ ಸಿಕ್ಕಿದ್ದರು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ‘ಮಗಳಿಗೆ ಕಾಲೇಜು ಶುರುವಾಯ್ತು’ ಅಂದರು ಅಷ್ಟೇ. ಫೀಸು ಮೊದಲು ಕಟ್ಟಿಬಿಡಿ ಮಾರಾಯ್ರೆ, ಅಂದೆ.