ಮನೆಗೊಂದು ಪ್ರೊಜೆಕ್ಟರು

ಮಂಡಿನೋವಿನ ಅಜ್ಜಿ ಬಯಲಾಟದಲ್ಲಿ ರಾತ್ರಿಯಿಡೀ ಕುಳ್ಳಿರಲಾರಳು. ಬೈಂದೂರಿನ ನಮ್ಮ ಚಾವಡಿಯ ಗೋಡೆಯ ಮೇಲೆಯೇ ಆಕೆಗೆ ಆಟ ತೋರಿಸಬೇಕೆಂದು ನಮ್ಮಾಸೆ. ಆದರೆ ಮಿತ್ರರೇ, ಅಗ್ಗದ ಪ್ರೊಜೆಕ್ಟರುಗಳ ಜಾಹೀರಾತು ಓದಿದರೆ ತಲೆ ತಿರುಗುವುದು! ‘10,000 ಲ್ಯೂಮೆನ್’ ಎಂಬುದು ಬಹುಮಟ್ಟಿಗೆ ಬರಿಯ ಡಂಗುರ. ಕೇಳಬೇಕಾದುದು ಕ್ರಮಬದ್ಧವಾಗಿ ಅಳೆದ ‘ಆನ್ಸಿ’ ಲ್ಯೂಮೆನ್ ಎಷ್ಟೆಂದು. ‘4ಕೆ ಸಪೋರ್ಟ್’ ಎಂದರೆ ಅಂಥ ಚಿತ್ರವನ್ನು ಸ್ವೀಕರಿಸೀತು ಎಂದಷ್ಟೆ. ಯಂತ್ರದ ಸ್ವಂತ ಸ್ಪಷ್ಟತೆ 1280×720 ಮಾತ್ರವಿರಬಹುದು. 1920×1080ಕ್ಕಿಂತ ಕಡಿಮೆಯದು ಬೇಡವೆಂಬುದು ನನ್ನ ಮತ. ಚಿತ್ರದ ಅಗಲ, ಎತ್ತರಗಳನ್ನು ಇಮ್ಮಡಿಸಿದರೆ ಬೆಳಕು ಕಾಲುಭಾಗಕ್ಕಿಳಿಯುವುದು. ದೊಡ್ಡ ಪರದೆಯ ಹುಚ್ಚು ನಮಗೇಕೆ? ಆಟವಂತೂ ಇರುಳಿನದು. ಕುಂದಾಪುರದ ಕೆರಾಡಿಯಲ್ಲಿ ಚಿತ್ರಿತವಾದ ‘ಕಾಂತಾರ’ದ (2022) ಇರುಳಿನ ದೃಶ್ಯವೊಂದನ್ನು ಅಂಗಡಿಯಲ್ಲಿ ದೀಪವಾರಿಸಿ ಹಾಕಿಸಿ ನೋಡಿ; ಕಪ್ಪೆಲ್ಲ ಬೂದಿಬಣ್ಣವಾದರೆ ಅಪ್ಪಯ್ಯ ಗದ್ದೆಯಲ್ಲಿ ದುಡಿದ ಹಣ ಜೇಬಿನಲ್ಲೇ ಉಳಿಯಲಿ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಕಡಲ ತೇವವೊಂದೇ. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯದಂತೆ ಒಣಪೆಟ್ಟಿಗೆಯೂ ಬೇಕು.