ಸತ್ತ ಪತ್ರಕರ್ತರನ್ನು ಮಾತ್ರ ಪ್ರೀತಿಸುವ ನಾವು

ಸ್ಕೋಫೀಲ್ಡ್ಸ್‌ನಿಂದ ಸಿಡ್ನಿ ನಗರದ ನಡುಭಾಗಕ್ಕೆ ರೈಲಿನಲ್ಲಿ ಒಂದು ಗಂಟೆಗೂ ಮೀರಿದ ಪಯಣ. ಪತ್ರಿಕೋದ್ಯಮದ ಸ್ನಾತಕೋತ್ತರ ತರಗತಿಗೆಂದು ಮೈಸೂರಿನಿಂದ ಬಂದು ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡ ಮೇಲೆ ನನ್ನ ಓದು, ಅರೆನಿದ್ದೆ, ಸಿನಿಮಾ ಎಲ್ಲವೂ ಆ ರೈಲಿನಲ್ಲೇ ನಡೆಯುತ್ತವೆ. ಕಳೆದ ಸೆಮಿಸ್ಟರಿನಲ್ಲಿ ನಮ್ಮ ಅಧ್ಯಾಪಕಿ ಕೊಟ್ಟ ಒಂದು ಪುಟ್ಟ ಕೆಲಸದಿಂದ ಈ ಬರಹ ಹುಟ್ಟಿದೆ. ಸಿನಿಮಾಗಳಲ್ಲಿ ಪತ್ರಕರ್ತರು ಹೇಗೆ ಕಾಣುತ್ತಾರೆ ಎಂಬುದಕ್ಕೆ ನಮಗೆ ಹತ್ತಿರವಾದ ಒಂದು ಉದಾಹರಣೆಯನ್ನು ತರಬೇಕೆಂದು ಅವರು ಹೇಳಿದ್ದರು.

ಒಬ್ಬ ಸಹಪಾಠಿ 2015ರ ‘ಸ್ಪಾಟ್‌ಲೈಟ್’ ತಂದ. ಇನ್ನೊಬ್ಬಳು ರಾಬರ್ಟ್ ಕಾನೊಲಿಯವರ ‘ಬಲಿಬೋ’ ತಂದಳು. 1975ರ ಅಕ್ಟೋಬರ್ 16ರಂದು ಪೂರ್ವ ತಿಮೋರಿನ ಬಲಿಬೋ ಎಂಬ ಊರಿನಲ್ಲಿ ಕೊಲೆಯಾದ ಐವರು ಟಿವಿ ಪತ್ರಕರ್ತರ ಕಥೆ ಅದು. ಮೆಲ್ಬರ್ನ್‌ನ ಒಂದು ವಾಹಿನಿಯಿಂದ ಮೂವರು, ಸಿಡ್ನಿಯ ಒಂದು ವಾಹಿನಿಯಿಂದ ಇಬ್ಬರು ಅಲ್ಲಿಗೆ ಹೋಗಿದ್ದರು. ತಾವು ತಂಗಿದ್ದ ಮನೆಯ ಗೋಡೆಯ ಮೇಲೆ ‘ಆಸ್ಟ್ರೇಲಿಯ’ ಎಂದು ಬರೆದುಕೊಂಡಿದ್ದರು. ಆ ಹೆಸರು ಅವರನ್ನು ಕಾಪಾಡಲಿಲ್ಲ. ಅವರನ್ನು ಇಂಡೋನೇಷ್ಯಾದ ಪಡೆಗಳು ಬೇಕೆಂದೇ ಕೊಂದವು ಎಂದು ನ್ಯೂ ಸೌತ್ ವೇಲ್ಸ್‌ನ ಕೊರೋನರ್ ತೀರ್ಮಾನಿಸಿದ್ದು 2007ರಲ್ಲಿ. ಮೂವತ್ತೆರಡು ವರ್ಷಗಳ ಬಳಿಕ.

ನಾನು ಎರಡು ಕನ್ನಡ ಸಿನಿಮಾಗಳನ್ನು ಒಯ್ದಿದ್ದೆ. ಮೊದಲನೆಯದು ಶಂಕರ್ ನಾಗ್ ನಿರ್ದೇಶಿಸಿದ ‘ಆಕ್ಸಿಡೆಂಟ್’, 1985ರದ್ದು. ರಾಜಕಾರಣಿಯ ಮಗನ ಕಾರು ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡ ಕೂಲಿಕಾರರ ಮೇಲೆ ಹರಿಯುತ್ತದೆ. ಶಂಕರ್ ನಾಗ್ ಅವರೇ ನಟಿಸಿದ ಪತ್ರಕರ್ತ ಅದರ ಬೆನ್ನು ಹತ್ತುತ್ತಾನೆ. ಎರಡನೆಯದು ಪವನ್ ಕುಮಾರ್ ಅವರ ‘ಯೂ ಟರ್ನ್’, 2016ರದ್ದು. ಅದು ದೆವ್ವದ ಸಿನಿಮಾ ಎಂದೇ ಎಲ್ಲರ ನೆನಪಿನಲ್ಲಿದೆ. ಆದರೆ ಅದರ ನಾಯಕಿ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ಇಂಟರ್ನ್. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ದಾರಿ ಉಳಿಸಲೆಂದು ಕೆಲವರು ವಿಭಜಕದ ಕಲ್ಲುಗಳನ್ನು ಸರಿಸಿ ಬೈಕು ತಿರುಗಿಸಿಕೊಂಡು ಹೋಗುತ್ತಾರೆ. ಸರಿಸಿದ ಕಲ್ಲು ಅಲ್ಲೇ ಬಿದ್ದಿರುತ್ತದೆ, ಹಿಂದೆ ಬಂದವರು ಬೀಳುತ್ತಾರೆ. ಹೀಗೆ ತಿರುಗಿಸಿದವರ ವಾಹನ ಸಂಖ್ಯೆಗಳನ್ನು ಅಲ್ಲಿ ಕೂರುವ ನಿರ್ಗತಿಕನೊಬ್ಬನಿಂದ ಪಡೆದು ಆಕೆ ಆ ವಿಳಾಸಗಳಿಗೆ ಹೋಗಿ ಬಾಗಿಲು ತಟ್ಟುತ್ತಾಳೆ. ದೆವ್ವ ಬರುವ ಮೊದಲಿನ ಆ ಭಾಗವೇ ನನ್ನ ಪಾಲಿಗೆ ನಿಜವಾದ ಪತ್ರಿಕೋದ್ಯಮ. ಅಲ್ಲಿ ಮಂತ್ರಿಯಿಲ್ಲ, ಮಾಫಿಯಾ ಇಲ್ಲ. ತಪ್ಪು ಮಾಡಿದವರು ನಮ್ಮ ನಿಮ್ಮಂಥ ಆತುರದ ಸಜ್ಜನರು.

‘ಆಕ್ಸಿಡೆಂಟ್’ನ ಪತ್ರಕರ್ತನನ್ನು ನಾವು ಚಪ್ಪಾಳೆ ತಟ್ಟಿ ನೋಡುತ್ತೇವೆ, ಏಕೆಂದರೆ ಅವನು ಬೇರೆಯವರ ಮನೆಯ ಬಾಗಿಲು ತಟ್ಟುತ್ತಿದ್ದಾನೆ. ‘ಯೂ ಟರ್ನ್’ನ ಹುಡುಗಿ ನಮ್ಮ ಬಾಗಿಲನ್ನೇ ತಟ್ಟುತ್ತಾಳೆ. ತರಗತಿಯಲ್ಲಿ ನಾನು ಇಷ್ಟನ್ನೇ ಹೇಳಿದೆ. ಅಧ್ಯಾಪಕಿ ಮೆಚ್ಚಿದರು. ‘ಹಾಗಾದರೆ ಸೆಮಿಸ್ಟರಿನ ಕೊನೆಯ ವರದಿಗೆ ನಿನ್ನ ಬೀದಿಯಲ್ಲಿ ಕಲ್ಲು ಸರಿಸುವವರು ಯಾರೆಂದು ಹುಡುಕು’ ಎಂದರು.

ಹುಡುಕಬೇಕಾದ ಅಗತ್ಯವೇ ಇರಲಿಲ್ಲ. ನನ್ನೊಡನೆ ಅದೇ ರೈಲಿನಲ್ಲಿ ಓಡಾಡುವ ಹುಡುಗನೊಬ್ಬ ವಾರದ ಕೊನೆಯಲ್ಲಿ ನಮ್ಮವರೇ ನಡೆಸುವ ಹೋಟೆಲೊಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾನೆ. ಗಂಟೆಗೆ 14 ಡಾಲರ್, ಕೈಗೆ ನಗದು, ಚೀಟಿಯಿಲ್ಲ. 2025ರ ಜುಲೈ 1ರಂದು ಈ ದೇಶದ ಕನಿಷ್ಠ ವೇತನ ಗಂಟೆಗೆ 24 ಡಾಲರ್ 95 ಸೆಂಟ್ ಆಯಿತು. ಬೇಕೆಂದೇ ಕಡಿಮೆ ಕೂಲಿ ಕೊಡುವುದು 2025ರ ಜನವರಿಯಿಂದ ಶಿಕ್ಷಾರ್ಹ ಅಪರಾಧ. ಆದರೆ ವಿದ್ಯಾರ್ಥಿ ವೀಸಾದಲ್ಲಿ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಇವನು ದುಡಿದಿದ್ದಾನೆ. ‘ದೂರು ಕೊಟ್ರೆ ನಿನ್ ವೀಸಾನೇ ಹೋಗೋದು’ ಎಂಬ ಒಂದು ಮಾತು ಅವನ ಬಾಯಿ ಮುಚ್ಚಿಸಲು ಸಾಕಾಗಿದೆ.

ಈ ಕುರಿತು ಬರೆಯುತ್ತೇನೆಂದು ಮನೆಯಲ್ಲಿ ಹೇಳಿದ ಮರುವಾರವೇ ಚಿಕ್ಕಪ್ಪನ ಗೆಳೆಯರೊಬ್ಬರು ಕಾಫಿಗೆ ಬಂದರು. ಒಳ್ಳೆಯವರು. ನಾನು ಬಂದಿಳಿದ ದಿನ ವಿಮಾನ ನಿಲ್ದಾಣಕ್ಕೆ ಕಾರು ತಂದವರು ಅವರೇ. ‘ನೋಡಮ್ಮಾ, ನಮ್ಮವರ ಹೊಟ್ಟೆ ಮೇಲೆ ಹೊಡೀಬೇಡ. ನಿನಗೆ ಬರೆಯೋಕೆ ಬೇರೆ ಎಷ್ಟೊಂದು ಇದೆ. ಮೋದಿ ಇದ್ದಾರೆ, ಟ್ರಂಪ್ ಇದ್ದಾರೆ’ ಎಂದರು. ಚಿಕ್ಕಪ್ಪ ಏನೂ ಹೇಳದೆ ತಟ್ಟೆಯಲ್ಲಿದ್ದ ಕೋಡುಬಳೆಯನ್ನೇ ನೋಡುತ್ತಿದ್ದರು. ಆಮೇಲೆ ಚಿಕ್ಕಮ್ಮ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದರು: ‘ಈ ಜರ್ನಲಿಸಂ ಓದಿದ್ರೆ ಪಿ.ಆರ್. ಸಿಗುತ್ತೇನೇ? ಸುಮ್ಮನೆ ಎಲ್ಲರ ವಿರೋಧ ಯಾಕೆ ಕಟ್ಟಿಕೊಳ್ತೀಯ?’

ನಾನು ವಿಷಯ ಬದಲಿಸಿದೆ. ಇದನ್ನು ಮುಚ್ಚಿಟ್ಟು ಇತರರ ಮೇಲೆ ಹರಿಹಾಯುವ ಹಕ್ಕು ನನಗಿಲ್ಲ. ರೌಸ್ ಹಿಲ್ ಆಸ್ಪತ್ರೆಯ ಬಗ್ಗೆ ಬರೆದೆ. 2015ರ ಚುನಾವಣೆಯ ಹೊತ್ತಿನಲ್ಲಿ ಘೋಷಣೆಯಾಗಿ, ಹತ್ತು ವರ್ಷ ಕಳೆದರೂ ಒಬ್ಬ ರೋಗಿಯನ್ನೂ ದಾಖಲಿಸಿಕೊಳ್ಳದ ಆಸ್ಪತ್ರೆ ಅದು. ಒಳ್ಳೆಯ ಅಂಕ ಬಂತು. ಕಾಫಿಗೆ ಬಂದಿದ್ದ ಅಂಕಲ್ ಅದನ್ನು ತಮ್ಮ ವಾಟ್ಸಾಪ್ ಗುಂಪಿಗೆಲ್ಲ ಹಂಚಿ ‘ನಮ್ಮ ಹುಡುಗಿ’ ಎಂದು ಹೊಗಳಿದರು. ಆ ವರದಿಯಲ್ಲಿ ಸುಳ್ಳೇನೂ ಇಲ್ಲ. ಆದರೆ ಅದನ್ನು ಓದಿ ನಮ್ಮ ಬೀದಿಯಲ್ಲಿ ಯಾರಿಗೂ ಮುಜುಗರವಾಗಲಿಲ್ಲ.

ಈಗ ನೇರವಾಗಿ ಮಾತಿಗೆ ಬರುತ್ತೇನೆ. ಹೊರನಾಡಿನಲ್ಲಿ ನೆಲೆಸಿ ಪ್ರಗತಿಪರರೆಂದು ಕರೆದುಕೊಳ್ಳುವ ನಮಗೆ ಸತ್ತ ಪತ್ರಕರ್ತರ ಮೇಲೆ ಅಪಾರ ಪ್ರೀತಿ. ಬದುಕಿರುವ ಪತ್ರಕರ್ತರು ನಮಗೊಂದು ತಲೆನೋವು. ಪ್ರತಿ ವರ್ಷ ಸೆಪ್ಟೆಂಬರ್ 5 ಬಂದಾಗ ನಮ್ಮ ಪುಟಗಳಲ್ಲಿ ಗೌರಿ ಲಂಕೇಶ್ ಅವರ ಚಿತ್ರ ಮೂಡುತ್ತದೆ. ಮೂಡಲೇಬೇಕು. 2017ರ ಆ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆಯ ಮುಂದೆ ಅವರನ್ನು ಗುಂಡಿಟ್ಟು ಕೊಂದದ್ದನ್ನು ಮರೆಯುವಂತಿಲ್ಲ. ಆದರೆ ಕೊಲೆಗೆ ಸುಮಾರು ಒಂಬತ್ತು ತಿಂಗಳು ಮೊದಲು, 2016ರ ನವೆಂಬರಿನಲ್ಲಿ, ಹುಬ್ಬಳ್ಳಿಯ ನ್ಯಾಯಾಲಯ ಮಾನನಷ್ಟದ ಪ್ರಕರಣದಲ್ಲಿ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿತು; ಜಾಮೀನಿನ ಮೇಲೆ ಹೊರಬಂದರು. ಆ ದಿನ ನಮ್ಮಲ್ಲಿ ಎಷ್ಟು ಜನ ಅವರ ಪತ್ರಿಕೆಗೆ ಚಂದಾ ಕಳಿಸಿದ್ದೆವು? 1980ರಲ್ಲಿ ಪಿ. ಲಂಕೇಶ್ ಆರಂಭಿಸಿದ ವಾರಪತ್ರಿಕೆ ಜಾಹೀರಾತು ಬೇಡವೆಂದಿತು. ಮಗಳೂ ಅದೇ ಹಾದಿ ಹಿಡಿದರು. ಜಾಹೀರಾತಿಲ್ಲದ ಪತ್ರಿಕೆಯನ್ನು ಬದುಕಿಸುವುದು ಓದುಗರ ಚಿಲ್ಲರೆ ಕಾಸು. ಹುತಾತ್ಮರ ಚಿತ್ರಕ್ಕೆ ಹಾರ ಹಾಕಲು ಕಾಸು ಬೇಕಿಲ್ಲ, ಧೈರ್ಯವೂ ಬೇಕಿಲ್ಲ. ಸತ್ತವರು ನಾಳೆ ನಮ್ಮ ಹೋಟೆಲಿನ ಹಾಜರಿ ಪುಸ್ತಕ ತೋರಿಸಿ ಎಂದು ಕೇಳುವುದಿಲ್ಲ.

ಇದಕ್ಕೆ ಒಂದು ಗಟ್ಟಿಯಾದ ಪ್ರತಿವಾದವಿದೆ. ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ‘ನಾವು ಇಲ್ಲಿ ಅಲ್ಪಸಂಖ್ಯಾತರು. ನಮ್ಮ ಹುಳುಕನ್ನು ನಾವೇ ಬೀದಿಗಿಟ್ಟರೆ ಅದನ್ನು ಆಯುಧ ಮಾಡಿಕೊಳ್ಳುವವರು ಕಾದು ಕುಳಿತಿದ್ದಾರೆ.’ ನಿಜ. 2025ರ ಆಗಸ್ಟ್ 31ರಂದು ಸಿಡ್ನಿ, ಮೆಲ್ಬರ್ನ್ ಸೇರಿದಂತೆ ನಗರ ನಗರಗಳಲ್ಲಿ ವಲಸೆ ವಿರೋಧಿ ಮೆರವಣಿಗೆಗಳು ನಡೆದವು. ಅವುಗಳ ಪ್ರಚಾರದ ಕರಪತ್ರ ಭಾರತೀಯರನ್ನೇ ಹೆಸರಿಟ್ಟು ತೋರಿಸಿತ್ತು. ಆ ಭಾನುವಾರ ಚಿಕ್ಕಮ್ಮ ನನ್ನನ್ನು ರೈಲು ಹತ್ತಲು ಬಿಡಲಿಲ್ಲ. ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿರುವ ದೊಡ್ಡಮ್ಮ ದಿನವಿಡೀ ಫೋನು ಮಾಡುತ್ತಲೇ ಇದ್ದರು. ಇದಾದ ಕೆಲವೇ ದಿನಗಳಲ್ಲಿ ಸೆನೆಟರ್ ಜಸಿಂಟಾ ನಂಪಿಜಿನ್ಪಾ ಪ್ರೈಸ್ ಭಾರತೀಯ ವಲಸಿಗರ ಬಗ್ಗೆ ಆಡಿದ ಮಾತು ಗದ್ದಲವೆಬ್ಬಿಸಿತು. ಅವರ ಪಕ್ಷ ಅವರನ್ನು ಮುಂಚೂಣಿಯ ಸ್ಥಾನದಿಂದ ಇಳಿಸಿತು.

ಆ ವಾರ ನಾವೆಲ್ಲರೂ ಏನನ್ನು ಬಯಸಿದೆವು ಎಂಬುದನ್ನು ನೆನಪಿಸಿಕೊಳ್ಳಿ. ಯಾರಾದರೂ ಪತ್ರಕರ್ತರು ನಮ್ಮ ಮನೆಗಳಿಗೆ ಬಂದು, ನಮ್ಮ ಮಾತು ಕೇಳಿ, ನೆಟ್ಟಗೆ ಬರೆಯಲಿ ಎಂದು ಬಯಸಿದೆವು. ನಮ್ಮ ಭಯದ ದಿನ ವರದಿಗಾರ ಬೇಕು, ನಮ್ಮ ತಪ್ಪಿನ ದಿನ ಬೇಡ. ಇದು ನ್ಯಾಯವಲ್ಲ, ಜಾಣತನವೂ ಅಲ್ಲ. ನಮ್ಮ ನೋವನ್ನು ನಂಬಿಕೆ ಹುಟ್ಟುವಂತೆ ಬರೆಯಬಲ್ಲವರು ನಮ್ಮ ತಪ್ಪನ್ನೂ ಬರೆದವರು ಮಾತ್ರ. ಉಳಿದವರು ಬರೆದರೆ ಅದು ಪತ್ರಿಕಾ ಪ್ರಕಟಣೆ.

ಹುಳುಕು ಬರೆದರೆ ನಮ್ಮವರಿಗೆ ಕೇಡೆಂಬ ಮಾತಿಗೆ ಉತ್ತರ ಹತ್ತು ವರ್ಷಗಳ ಹಿಂದೆಯೇ ಸಿಕ್ಕಿದೆ. 2015ರ ಆಗಸ್ಟಿನಲ್ಲಿ ಅಡೀಲ್ ಫರ್ಗುಸನ್ ಮತ್ತು ಅವರ ಜೊತೆಗಾರರು ಫೇರ್‌ಫ್ಯಾಕ್ಸ್ ಪತ್ರಿಕೆಗಳಲ್ಲಿ, ಎಬಿಸಿಯ ‘ಫೋರ್ ಕಾರ್ನರ್ಸ್’ನಲ್ಲಿ ಸೆವೆನ್ ಇಲೆವೆನ್ ಅಂಗಡಿಗಳ ವೇತನ ವಂಚನೆಯನ್ನು ಬಯಲು ಮಾಡಿದರು. ವಂಚನೆಗೊಳಗಾದವರಲ್ಲಿ ದಕ್ಷಿಣ ಏಷ್ಯಾದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. ವಂಚಿಸಿದ ಅಂಗಡಿ ಮಾಲೀಕರಲ್ಲಿಯೂ ಅದೇ ನಾಡುಗಳವರಿದ್ದರು. ದುಡಿದ ಗಂಟೆಗಳಲ್ಲಿ ಅರ್ಧವನ್ನು ಮಾತ್ರ ಲೆಕ್ಕಕ್ಕೆ ತೋರಿಸುವುದು, ವೀಸಾ ಷರತ್ತನ್ನು ಮುಂದಿಟ್ಟು ಬೆದರಿಸುವುದು ಅಲ್ಲಿನ ರೂಢಿಯಾಗಿತ್ತು. ವರದಿಯ ಪರಿಣಾಮವಾಗಿ ಆ ಕಂಪನಿ 15 ಕೋಟಿ ಡಾಲರಿಗೂ ಮಿಕ್ಕಿದ ಬಾಕಿ ವೇತನವನ್ನು ಮರಳಿಸಬೇಕಾಯಿತು. 2017ರಲ್ಲಿ ದುರ್ಬಲ ಕಾರ್ಮಿಕರ ರಕ್ಷಣೆಗೆ ಕಾನೂನು ಬಿಗಿಯಾಯಿತು. ಹೇಳಿ, ಆ ವರದಿ ಹೊಡೆದದ್ದು ಯಾರ ಹೊಟ್ಟೆಯ ಮೇಲೆ, ತುಂಬಿಸಿದ್ದು ಯಾರ ಹೊಟ್ಟೆಯನ್ನು? ‘ನಮ್ಮವರು’ ಎಂದಾಗ ಮಾಲೀಕನ ಮುಖ ಮಾತ್ರ ಕಣ್ಣಿಗೆ ಕಟ್ಟಿ, ಪಾತ್ರೆ ತೊಳೆಯುವ ಹುಡುಗನ ಮುಖ ಕಾಣದಿದ್ದರೆ, ನಮ್ಮ ಪ್ರಗತಿಪರತೆ ಬೆಂಗಳೂರಿನ ಕಡೆಗೆ ಮಾತ್ರ ತೆರೆದ ಕಿಟಕಿ.

ಬರೆಯುವವರು ಇಲ್ಲದೆ ಹೋದರೆ ಏನಾಗುತ್ತದೆ ಎಂಬುದು ನಮ್ಮ ಬಡಾವಣೆಯಲ್ಲೇ ಕಾಣುತ್ತದೆ. 2020ರ ಮೇ ತಿಂಗಳಲ್ಲಿ ನ್ಯೂಸ್ ಕಾರ್ಪ್ ಸಂಸ್ಥೆ ನೂರಕ್ಕೂ ಹೆಚ್ಚು ಸ್ಥಳೀಯ ಪತ್ರಿಕೆಗಳ ಮುದ್ರಣವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ನಮ್ಮ ಭಾಗದ ‘ಬ್ಲ್ಯಾಕ್‌ಟೌನ್ ಅಡ್ವೊಕೇಟ್’, ‘ರೌಸ್ ಹಿಲ್ ಟೈಮ್ಸ್’, ಮೆಲ್ಬರ್ನ್‌ನ ‘ಲೀಡರ್’ ಸಮೂಹದ ಪತ್ರಿಕೆಗಳು ಮನೆಯಂಗಳಕ್ಕೆ ಬಂದು ಬೀಳುವುದು ನಿಂತಿತು. ಹೊಲಗಳೆಲ್ಲ ಮನೆಗಳಾಗುತ್ತಿದ್ದ ಕಾಲದಲ್ಲೇ ಹೀಗಾಯಿತು. 2023ರ ಅಕ್ಟೋಬರಿನಲ್ಲಿ ಸರ್ಕಾರ ನೆರೆಯ ಅಪಾಯದ ಕಾರಣ ನೀಡಿ ನಮ್ಮ ನೆರೆಯ ಮಾರ್ಸ್‌ಡನ್ ಪಾರ್ಕ್ ನಾರ್ತ್ ಬಡಾವಣೆಯ ಯೋಜನೆಯನ್ನು ಕೈಬಿಟ್ಟಿತು. ನಿವೇಶನ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಯಾವುದು? ಅದನ್ನು ವಿವರಿಸಬೇಕಿದ್ದ ಕಡೆ ವಾಟ್ಸಾಪ್ ವದಂತಿ ಕುಳಿತಿದೆ. ಸಮುದಾಯದ ಕಾರ್ಯಕ್ರಮಗಳೋ ಬಿಲ್ಡರು, ವೀಸಾ ಏಜೆಂಟು, ಹೋಟೆಲುಗಳ ಪ್ರಾಯೋಜಕತ್ವದಲ್ಲಿ ನಡೆಯುತ್ತವೆ. ಊಟ ಹಾಕಿದವರನ್ನು ಯಾರು ಪ್ರಶ್ನಿಸುತ್ತಾರೆ?

ನಮ್ಮಲ್ಲಿ ಹಣವಿಲ್ಲವೆಂದು ಯಾರೂ ಹೇಳಲಾರರು. 2025ರ ಅಕ್ಟೋಬರಿನಲ್ಲಿ ‘ಕಾಂತಾರ: ಚಾಪ್ಟರ್ 1’ ಬಂದಾಗ ನಮ್ಮ ಮನೆಯ ನಾಲ್ವರೂ ಒಬ್ಬೊಬ್ಬರಿಗೆ 25 ಡಾಲರಿನಂತೆ ಕೊಟ್ಟು ನೋಡಿ ಬಂದೆವು. ನಾನೂ ಶಿಳ್ಳೆ ಹಾಕಿದೆ, ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ಆದರೆ ಒಂದು ಸಂಜೆಯ ಶಿಳ್ಳೆಗೆ 100 ಡಾಲರ್ ಕೊಡುವ ಮನೆ ವರ್ಷವಿಡೀ ಸುದ್ದಿಗಾಗಿ 10 ಡಾಲರ್ ಕೊಡಲೊಲ್ಲದು. ಮಗಳು ಪತ್ರಿಕೋದ್ಯಮ ಓದುತ್ತೇನೆಂದರೆ ಪಿ.ಆರ್. ಅಂಕಗಳ ಲೆಕ್ಕ ತೆಗೆಯುತ್ತದೆ.

1843ರ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಜರ್ಮನಿಯವರು, ನಮ್ಮ ನೆಲಕ್ಕೆ ಹೊರಗಿನವರು. ಮತಪ್ರಚಾರಕ್ಕೆಂದೇ ಬಂದವರು, ಅದನ್ನು ಮರೆಮಾಚಬೇಕಿಲ್ಲ. ಆದರೂ ತಾವು ಬದುಕುತ್ತಿದ್ದ ಊರಿನ ಸುದ್ದಿ ಆ ಊರಿನ ಜನರಿಗೆ ಅವರ ಮಾತಿನಲ್ಲೇ ಸಿಗಬೇಕೆಂದು ಅವರಿಗೆ ತೋರಿತು. ಕರ್ನಾಟಕ ಇಂದಿಗೂ ಆ ದಿನವನ್ನು ಪತ್ರಿಕಾ ದಿನವೆಂದು ಆಚರಿಸುತ್ತದೆ. ನಾವೂ ಈಗ ಒಂದು ನೆಲಕ್ಕೆ ಹೊರಗಿನವರು. ಆದರೆ ನಾವು ಬರೆಯುವುದೆಲ್ಲ ಬಿಟ್ಟು ಬಂದ ಊರಿನ ಬಗ್ಗೆ. ಬದುಕುತ್ತಿರುವ ಊರಿನ ಬಗ್ಗೆ ಒಂದು ಸಾಲೂ ಇಲ್ಲ.

ಈ ಪತ್ರಿಕೆಯನ್ನು ಓದುವ ಹಿರಿಯರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಸೆಪ್ಟೆಂಬರ್ 5ರಂದು ಗೌರಿಯವರ ಚಿತ್ರ ಹಾಕುವ ದಿನವೇ ಬದುಕಿರುವ ಒಂದು ಪತ್ರಿಕೆಗೆ, ಅದು ಇಲ್ಲಿಯದಾಗಲಿ ಅಲ್ಲಿಯದಾಗಲಿ, ವರ್ಷದ ಚಂದಾ ಕಟ್ಟಿ. ನಿಮ್ಮ ಸಂಘದ ಸಭೆಗೆ ಪ್ರಶ್ನೆ ಕೇಳುವ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಕರೆಯಿರಿ. ಕೇಳಿದ ಮೇಲೆ ಅವರ ಚಿಕ್ಕಪ್ಪನಿಗೆ ಫೋನು ಮಾಡಬೇಡಿ.

ಪಾತ್ರೆ ತೊಳೆಯುವ ಹುಡುಗನನ್ನು ಮೊನ್ನೆ ಮತ್ತೆ ರೈಲಿನಲ್ಲಿ ಭೇಟಿಯಾದೆ. ಶೋಷಣೆಯ ಬಗ್ಗೆ ದೂರು ಕೊಡುವ ವಲಸಿಗರ ವೀಸಾ, ಕೆಲಸದ ಗಂಟೆ ಮೀರಿದ ಮಾತ್ರಕ್ಕೆ ರದ್ದಾಗದಂತೆ 2024ರ ಜುಲೈಯಿಂದ ಕೆಲವು ಷರತ್ತುಗಳೊಡನೆ ಕಾನೂನಿನ ರಕ್ಷಣೆ ಇದೆ. ಅವನಿಗೆ ಅದು ಗೊತ್ತಿರಲಿಲ್ಲ. ನಾನು ಹೇಳಿದಾಗ ನಂಬಲೂ ಇಲ್ಲ. ‘ಇದು ಎಲ್ಲಿಯೂ ಬಂದಿಲ್ಲವಲ್ಲ ಅಕ್ಕ’ ಎಂದ. ಹೌದು, ಅವನು ನೋಡುವ ಯಾವ ಜಾಗದಲ್ಲೂ ಬಂದಿಲ್ಲ. ನಾನು ಬರೆಯಬೇಕಿದ್ದ ವರದಿಯಲ್ಲಿ ಬರಬೇಕಿತ್ತು. ಮುಂದಿನ ಸೆಮಿಸ್ಟರಿಗೆ ವಿಷಯ ಕೊಡುವ ದಿನ ಹತ್ತಿರವಾಗುತ್ತಿದೆ. ಈ ಸಲ ಬದಲಿಸುವುದಿಲ್ಲ. ಅಂಕಲ್ ಕಾಫಿಗೆ ಬರಲಿ. ಅವರ ಮಾತನ್ನೂ ಹೆಸರಿನ ಸಮೇತ ಬರೆದುಕೊಳ್ಳುತ್ತೇನೆ.