ಹೊಲಿಗೆ ಬಿಚ್ಚಿದರೆ ಕಾಯಿಲೆ ಹೋಯಿತೇ?

1956ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರ ಕರುಳು ಕಟ್ಟಿಕೊಂಡಿತು. ಸೈನ್ಯದ ಆಸ್ಪತ್ರೆಯ ವೈದ್ಯರು ಇಕ್ಕಟ್ಟಾದ ಭಾಗವನ್ನು ಬಿಟ್ಟು, ಪಕ್ಕದಲ್ಲಿ ಬೇರೆ ದಾರಿ ಮಾಡಿ ಹೊಲಿದರು. ನವೆಂಬರಿನಲ್ಲಿ ಅವರು ಮತ್ತೆ ಚುನಾವಣೆ ಗೆದ್ದರು. ಅದು ಕ್ರೋನ್ ಕಾಯಿಲೆ. 1932ರಲ್ಲಿ ಅದನ್ನು ವಿವರಿಸಿದ ನ್ಯೂಯಾರ್ಕಿನ ಮೂವರು ವೈದ್ಯರಲ್ಲಿ ಒಬ್ಬರ ಹೆಸರೇ ಅದಕ್ಕೆ ಉಳಿಯಿತು. ಅಧ್ಯಕ್ಷರಿಗೆ ಬಂದ ಕಾಯಿಲೆ ಗಿರಣಿಯಲ್ಲಿ ನೂಲು ಎಳೆಯುವವನಿಗೂ, ಸಂತೆಯಲ್ಲಿ ತಕ್ಕಡಿ ಹಿಡಿಯುವವನಿಗೂ ಬರುತ್ತದೆ. ಆಪರೇಷನ್ ಆದ ಮೇಲೆ ಮಾತ್ರ ಇವರ ದಾರಿ ಬೇರೆ, ಅವರ ದಾರಿ ಬೇರೆ. ನಮ್ಮ ತಕರಾರು ಅಲ್ಲಿಯೇ ಇದೆ.

ಕರುಳಿನ ಗೋಡೆ ಮತ್ತೆ ಮತ್ತೆ ಉರಿದು, ಹುಣ್ಣಾಗಿ, ಮಾಯ್ದು ಗಡುಸಾಗುತ್ತದೆ, ಒಳದಾರಿ ಕಿರಿದಾಗುತ್ತದೆ. ಉಂಡ ಅನ್ನ ಮುಂದೆ ಹೋಗದೆ ಹೊಟ್ಟೆ ಉಬ್ಬಿ, ಕಿವುಚಿ, ವಾಂತಿಯಾಗುತ್ತದೆ. ಉರಿಯನ್ನು ಔಷಧ ತಗ್ಗಿಸಬಹುದು; ಗಡುಸಾದ ಗಾಯದ ಕಲೆಯನ್ನು ಯಾವ ಗುಳಿಗೆಯೂ ಬಿಡಿಸಲಾರದು. ಆಗ ಕತ್ತಿ ಬೇಕೇ ಬೇಕು, ನಾವು ಕತ್ತಿಯ ವಿರೋಧಿಗಳಲ್ಲ.

ಹೆಚ್ಚು ಕತ್ತರಿಸಿದರೆ ರೋಗ ಬುಡಸಹಿತ ಹೋಗುತ್ತದೆ ಎಂಬ ನಂಬಿಕೆ ಹಿಂದೆ ಇತ್ತು. ಅಂಚಿನಲ್ಲಿ 2 ಸೆಂಟಿಮೀಟರ್ ಬಿಟ್ಟು ಕತ್ತರಿಸಿದರೂ 12 ಸೆಂಟಿಮೀಟರ್ ಬಿಟ್ಟು ಕತ್ತರಿಸಿದರೂ ರೋಗ ಮರಳುವುದರಲ್ಲಿ ವ್ಯತ್ಯಾಸವಿಲ್ಲವೆಂದು 1996ರಲ್ಲಿ ಅಮೆರಿಕದ ಶಸ್ತ್ರವೈದ್ಯರು ಹೋಲಿಸಿ ತೋರಿಸಿದರು. ಪದೇ ಪದೇ ಕತ್ತರಿಸಿಸಿಕೊಂಡವನಿಗೆ ಅನ್ನ ಅರಗಿಸುವಷ್ಟು ಕರುಳೇ ಉಳಿಯದೆ ಹೋಗಬಹುದು.

ಇನ್ನೊಂದು ಉಪಾಯವಿದೆ. ಇಕ್ಕಟ್ಟಾದ ಕಡೆ ಕರುಳನ್ನು ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿಯುವುದು. ಒಂದಂಗುಲವೂ ಕಳೆಯದೆ ದಾರಿ ಅಗಲವಾಗುತ್ತದೆ. ಇದು ಎಲ್ಲಿಂದ ಬಂತು? ನಮ್ಮ ದೇಶದಲ್ಲಿ ಕ್ಷಯದಿಂದ ಕರುಳು ಕಟ್ಟಿದ ರೋಗಿಗಳಿಗೆ ಇದನ್ನು ಮಾಡಿದ ವೈದ್ಯ ಕಟಾರಿಯಾ ಮತ್ತು ಸಂಗಡಿಗರು 1977ರಲ್ಲಿ ಬರೆದು ತಿಳಿಸಿದರು. 1982ರಲ್ಲಿ ಆಕ್ಸ್‌ಫರ್ಡಿನ ಲೀ ಅವರು ಅದನ್ನೇ ಕ್ರೋನ್ ರೋಗಿಗಳಿಗೆ ಮಾಡಿದರು. ಬಡವರ ಕಾಯಿಲೆಯ ಚಿಕಿತ್ಸೆ ವಿಲಾಯಿತಿಗೆ ಹೋಗಿ ದೊಡ್ಡದಾಯಿತು! ಇದನ್ನು ಹೇಳಿಕೊಳ್ಳುವವರೇ ಕಡಿಮೆ.

ಆದರೂ ಕಾಯಿಲೆ ಬಿಡುವುದಿಲ್ಲ. ಕತ್ತರಿಸಿ ಜೋಡಿಸಿದ ಒಂದು ವರ್ಷದೊಳಗೆ, ನಳಿಗೆ ಹಾಕಿ ನೋಡಿದರೆ, ನೂರಕ್ಕೆ ಸುಮಾರು ಎಪ್ಪತ್ತು ಮಂದಿಯಲ್ಲಿ ಜೋಡಣೆಯ ಹತ್ತಿರವೇ ಹೊಸ ಹುಣ್ಣುಗಳು ಕಾಣುತ್ತವೆ ಎಂದು 1990ರಲ್ಲಿ ಬೆಲ್ಜಿಯಂನ ವೈದ್ಯರು ಬರೆದರು. ಅವರಲ್ಲಿ ಬಹುಪಾಲು ಮಂದಿಗೆ ಆಗ ನೋವೇ ಇರುವುದಿಲ್ಲ. ನೋವಿಲ್ಲವೆಂದು ಕೆಲಸಕ್ಕೆ ಹೋಗುತ್ತಾರೆ, ಒಳಗೆ ಬೆಂಕಿ ಹೊಗೆಯಾಡುತ್ತಿರುತ್ತದೆ. ಆದ್ದರಿಂದಲೇ ಆರು ತಿಂಗಳಿಂದ ಒಂದು ವರ್ಷದೊಳಗೆ ಕೊಲನೋಸ್ಕೋಪಿ ಮಾಡಬೇಕು, ಅಪಾಯವಿದ್ದವರಿಗೆ ಔಷಧ ಮುಂದುವರಿಸಬೇಕು. ಆರನೇ ತಿಂಗಳಲ್ಲೇ ನೋಡಿ ಔಷಧ ಹೆಚ್ಚಿಸಿದರೆ ಮರುಕಳಿಕೆ ತಗ್ಗುತ್ತದೆಂದು 2015ರಲ್ಲಿ ಸಿದ್ಧವಾಯಿತು.

ಈಗ ಲೆಕ್ಕ ನೋಡಿ. 2018ರಲ್ಲಿ ಬಂದ ಆಯುಷ್ಮಾನ್ ಯೋಜನೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಖರ್ಚು ಕೊಡುತ್ತದೆ. ಮನೆಗೆ ಕಳಿಸಿದ ಮೇಲೆ 15 ದಿನಗಳ ಔಷಧ. ಹದಿನಾರನೇ ದಿನ? ವರ್ಷಾನುಗಟ್ಟಲೆ ನುಂಗಬೇಕಾದ ಗುಳಿಗೆಗೆ, ಚುಚ್ಚಿಸಿಕೊಳ್ಳಬೇಕಾದ ಮದ್ದಿಗೆ ಯಾರ ಜೇಬು? ಕತ್ತರಿಸಲು ಹಣವುಂಟು, ಮತ್ತೆ ಕತ್ತರಿಸದಂತೆ ತಡೆಯಲು ಹಣವಿಲ್ಲ! ಇ.ಎಸ್.ಐ. ಇರುವ ಗಿರಣಿಯವರ ಸ್ಥಿತಿ ವಾಸಿ, ಔಷಧವಾದರೂ ಸಿಗಬೇಕು. ಆದರೆ ಕಾಯಿಲೆ ಭತ್ಯ ಸಾಮಾನ್ಯವಾಗಿ ವರ್ಷಕ್ಕೆ 91 ದಿನ, ಕೂಲಿಯ ನೂರಕ್ಕೆ 70. ಅಂಗಡಿ ಇಟ್ಟುಕೊಂಡವನಿಗೆ ಅದೂ ಇಲ್ಲ. ಬಾಗಿಲು ಹಾಕಿದ ದಿನ ಒಲೆಯೂ ಹೊತ್ತುವುದಿಲ್ಲ.

ಅಡಾಲಿಮುಮಾಬ್ ಎಂಬ ಚುಚ್ಚುಮದ್ದಿನ ಕಥೆ ಕೇಳಿ. ಅಮೆರಿಕದಲ್ಲಿ ಒಂದೇ ಕಂಪನಿ ನೂರಕ್ಕೂ ಹೆಚ್ಚು ಪೇಟೆಂಟುಗಳ ಬೇಲಿ ಹಾಕಿ 2023ರವರೆಗೆ ಪ್ರತಿಸ್ಪರ್ಧಿಯನ್ನು ಒಳಗೆ ಬಿಡಲಿಲ್ಲ. ನಮ್ಮ ದೇಶದ ಕಂಪನಿ 2014ರಲ್ಲೇ ಅದರ ಸಮಾನ ಮದ್ದನ್ನು ಅಗ್ಗಕ್ಕೆ ತಂದಿತ್ತು. ಅಗ್ಗವೆಂದರೂ ಕೂಲಿಗಾರನ ಕೈಗೆ ಎಟುಕುವಷ್ಟಲ್ಲ.

ನಮ್ಮವರಿಗೂ ಒಂದು ಮಾತು, ಕೋಪಿಸಿಕೊಳ್ಳಬೇಡಿ. ಹೊಗೆ ಸೇದುವವರಿಗೆ ಈ ಕಾಯಿಲೆ ಮರಳುವ ಸಂಭವ ಸುಮಾರು ಎರಡು ಪಟ್ಟು. ಬಿಡಿಸಲು ಕಾಸು ಖರ್ಚಾಗದ ಔಷಧ ಇದೊಂದೇ. ಉಳಿದುದನ್ನು ಸರ್ಕಾರ ಕೊಡಬೇಕು: ಜಿಲ್ಲಾ ಆಸ್ಪತ್ರೆಯಲ್ಲಿ ಕೊಲನೋಸ್ಕೋಪಿ, ಆಪರೇಷನ್ ಚೀಟಿಯ ಜೊತೆಗೇ ಮುಂದಿನ ಪರೀಕ್ಷೆಯ ತಾರೀಖು, ಹದಿನಾರನೇ ದಿನದಿಂದಾಚೆಗೂ ಪುಕ್ಕಟೆ ಔಷಧ.